ಮೂರು ಪಟ್ಟೆಯ ಬಕೆಟ್

ರೂಪಶ್ರೀಗೆ ಗ್ಯಾರೇಜಿನಲ್ಲಿ ಒಂದು ಕೆಲಸವೂ ಇರಲಿಲ್ಲ.

ಗ್ಯಾರೇಜು ಅವಳ ಅಪ್ಪನದೇ. ಶಿರಾ ಗೇಟ್ ಹತ್ತಿರ ಒಳಕ್ಕೆ ತಿರುಗುವ ರಸ್ತೆಯಲ್ಲಿ ಎರಡು ಕಾರು ನಿಲ್ಲುವಷ್ಟು ಜಾಗ, ಮೇಲೆ ತಗಡಿನ ಶೀಟು, ನೆಲದಲ್ಲಿ ಒಬ್ಬ ಮನುಷ್ಯ ಇಳಿದು ನಿಲ್ಲುವಷ್ಟು ಗುಂಡಿ. ಅಪ್ಪ ಚನ್ನೇಶ್‌ಗೆ ಅಲ್ಲಿ ದಿನವಿಡೀ ಕೆಲಸ. ಅಜ್ಜಿ ಕಲ್ಲಮ್ಮನಿಗೂ ಕೆಲಸ. ದಸರಾ ರಜೆಗೆ ಗುಬ್ಬಿಯಿಂದ ಬಂದು ಮೂರೇ ದಿನವಾಗಿದ್ದ ಅತ್ತೆಯ ಮಗಳು ಕಾವ್ಯಳಿಗೂ ಕೆಲಸ ಸಿಕ್ಕಿತ್ತು.

ಈಗ ಅವಳು ಅದೇ ಕೆಲಸದಲ್ಲಿದ್ದಳು. ನೀಲಿ ಬಕೆಟ್ಟಿನ ನಲ್ಲಿಯ ಕೆಳಗೆ ಅಳತೆಯ ಜಗ್ಗು ಹಿಡಿದು, ಒಂದು ಕಣ್ಣು ಮುಚ್ಚಿ, ಜಗ್ಗಿನ ಗೆರೆಯನ್ನೇ ನೋಡುತ್ತಿದ್ದಳು. ಆಯಿಲ್ ಗೆರೆ ಮುಟ್ಟಿದ ಕೂಡಲೇ ನಲ್ಲಿ ತಿರುಗಿಸಿದಳು. ಒಂದು ಹನಿಯೂ ಕೆಳಗೆ ಬೀಳಲಿಲ್ಲ.

“ಒಂದು ಲೀಟ್ರು ಮಾವ,” ಅಂದಳು.

“ನೋಡವ್ವ, ಕೈ ಅಂದ್ರೆ ಹಿಂಗಿರ್ಬೇಕು,” ಅಂದ ಅಪ್ಪ, ಜಗ್ಗು ಇಸಿದುಕೊಂಡು.

ಅಪ್ಪ ಅದನ್ನು ಹೇಳಿದ್ದು ಅಜ್ಜಿಗೆ. ಬಾಗಿಲ ಹತ್ತಿರ ಹಳೇ ಟೈರಿನ ಮೇಲೆ ಕೂತಿದ್ದ ರೂಪಶ್ರೀಗೆ ಮಾತ್ರ ಅದು ತನಗೇ ಹೇಳಿದ ಹಾಗೆ ಕೇಳಿಸಿತು. ಗುಬ್ಬಿಯಲ್ಲಿ ಈ ಕಾವ್ಯಳ ಅಮ್ಮ ಡೈರಿಯಲ್ಲಿ ಹಾಲು ಅಳೆಯುತ್ತಾಳೆ, ಇವಳು ದಿನಾ ಪಕ್ಕದಲ್ಲಿ ನಿಂತಿರುತ್ತಾಳೆ, ಅದಕ್ಕೇ ಬರುತ್ತದೆ, ಇದೇನು ದೊಡ್ಡ ವಿಷಯವಾ ಅಂದುಕೊಂಡಳು.

ಬೇಸಿಗೆ ರಜೆಯಲ್ಲಿ ಆ ಜಗ್ಗು ರೂಪಶ್ರೀಯ ಕೈಯಲ್ಲಿತ್ತು. ಇದ್ದದ್ದು ಎರಡೇ ದಿನ. ಮೂರನೇ ದಿನ ಅವಳು ನಲ್ಲಿ ಬಿಟ್ಟು ಕೆಳಗೆ ಜಗ್ಗು ಇಟ್ಟಳು. ಅಷ್ಟರಲ್ಲಿ ರಸ್ತೆಯಲ್ಲಿ ಒಬ್ಬ ಬಸ್ ಕಂಡಕ್ಟರ್‌ಗೂ ಆಟೋದವನಿಗೂ ಜಗಳ ಶುರುವಾಯಿತು. ನೋಡಲು ಹೋದಳು. ಜಗಳ ಚೆನ್ನಾಗಿತ್ತು. ವಾಪಸ್ ಬರುವ ಹೊತ್ತಿಗೆ ಜಗ್ಗು ತುಂಬಿ, ಆಯಿಲ್ ನೆಲದ ಮೇಲೆ ಗುಂಡಿಯ ಕಡೆಗೆ ಹರಿಯುತ್ತಿತ್ತು. ಅಪ್ಪ ಬೈಯಲಿಲ್ಲ. ಅದರ ಮೇಲೆ ಮರದ ಪುಡಿ ಸುರಿಯುತ್ತಾ, “ನಿನ್ನ ಕೈಲಿ ಆಗಲ್ಲ ಬುಡು,” ಅಂದ, ಅಷ್ಟೆ. ಬೈದಿದ್ದರೆ ವಾಸಿಯಿತ್ತು.

ಮನೆಯಲ್ಲೂ ಈಗ ಹಾಗೇ ಆಗಿತ್ತು. ಮಲಗುವಾಗ ಅಜ್ಜಿಯ ಪಕ್ಕದ ಜಾಗ ಕಾವ್ಯಳದ್ದು. ಬೆಳಗ್ಗೆ ಹಿರೇಹಳ್ಳಿಯ ಫ್ಯಾಕ್ಟರಿಗೆ ಹೊರಡುವ ಅವಸರದಲ್ಲೂ ಅಮ್ಮ ಮೊದಲು ಜಡೆ ಹಾಕುವುದು ಕಾವ್ಯಳಿಗೆ. ಕೇಳಿದರೆ, “ನೆಂಟ್ರು ಕಣೇ. ನಾಲ್ಕು ದಿನ ಇದ್ದು ಹೋಗ್ತಾಳೆ,” ಅನ್ನುತ್ತಾಳೆ. ನಾಲ್ಕು ದಿನ ಅಂದರೆ ನಾಲ್ಕು ದಿನ ಅಲ್ಲ. ಅತ್ತೆ ಬಂದು ಅವಳನ್ನು ಕರೆದುಕೊಂಡು ಹೋಗುವುದು ಮುಂದಿನ ಬುಧವಾರ. ಇವತ್ತಿಗೆ ಇನ್ನೂ ಏಳು ದಿನ ಇತ್ತು. ರೂಪಶ್ರೀ ಬೆರಳು ಮಡಿಸಿ ಎಣಿಸಿದ್ದಳು.

ಮಧ್ಯಾಹ್ನ ಒಬ್ಬ ಮೇಷ್ಟ್ರ ಹೊಸ ಕಾರು ಬಂತು. ಅಪ್ಪ ಅದರ ಒಳಗಿಂದ ಒಂದು ದಪ್ಪ ಪುಸ್ತಕ ತೆಗೆದ. ಪ್ರತಿ ಕಾರಿನ ಜೊತೆಗೂ ಕಂಪನಿಯವರು ಅಂಥದ್ದೊಂದು ಕೊಟ್ಟಿರುತ್ತಾರೆ.

“ಕಾವ್ಯ, ಇದಕ್ಕೆ ಯಾವ ಆಯಿಲ್ ಹಾಕ್ಬೇಕು ಅಂತ ನೋಡಿ ಹೇಳವ್ವ.”

ಕಾವ್ಯ ಪುಟ ತಿರುವತೊಡಗಿದಳು. ರೂಪಶ್ರೀ ಟೈರಿನಿಂದ ಎದ್ದು ಬಂದು ಅವಳ ಭುಜದ ಮೇಲಿಂದ ಬಗ್ಗಿ ನೋಡಿದಳು.

“ಫೈವ್ ಡಬ್ಲ್ಯೂ ಥರ್ಟಿ,” ಅಂದಳು ರೂಪಶ್ರೀ.

“ಫೈವ್ ಡಬ್ಲ್ಯೂ ಥರ್ಟಿ,” ಅಂದಳು ಕಾವ್ಯ, ಅವಳ ಹಿಂದೆಯೇ.

“ಕರೆಕ್ಟ್ ಕಣವ್ವ ಕಾವ್ಯ,” ಅಂದ ಅಪ್ಪ.

ರೂಪಶ್ರೀ ವಾಪಸ್ ಹೋಗಿ ಟೈರಿನ ಮೇಲೆ ಕೂತಳು.

“ಹಂಗಂದ್ರೇನು ಮಾವ?”

“ಮೊದ್ಲನೇ ನಂಬರು, ಚಳೀಲಿ ಎಷ್ಟು ಸಲೀಸಾಗಿ ಹರಿಯುತ್ತೆ ಅಂತ. ನಂಬರ್ ಚಿಕ್ಕದಿದ್ರೆ ಬೇಗ ಹರಿಯುತ್ತೆ. ಎರಡ್ನೇದು, ಇಂಜಿನ್ ಕಾದ ಮೇಲೆ ಎಷ್ಟು ಮಂದವಾಗಿ ನಿಲ್ಲುತ್ತೆ ಅಂತ. ಈಗಿನ ಹೊಸಾ ಇಂಜಿನ್ ಇರ್ತವಲ್ಲ, ಅವುಗಳ ಒಳ್ಗೆ ಸಂದಿಗಳು ಕೂದ್ಲಿಗಿಂತ ಸಣ್ಣ. ಅಲ್ಲಿ ನುಗ್ಬೇಕು ಅಂದ್ರೆ ತೆಳ್ಳಗಿರೋ ಆಯಿಲ್ಲೇ ಬೇಕು. ಹಳೇ ಗಾಡೀಲಿ ಸಂದಿ ದೊಡ್ಡದು. ಅದಕ್ಕೆ ಮಂದದ್ದು, ಟ್ವೆಂಟಿ ಫಿಫ್ಟಿ. ಏನೇ ಆಗ್ಲಿ, ಪುಸ್ತಕ ನೋಡ್ದೆ ಹಾಕ್ಬಾರ್ದು.”

“ಹೊಸಾ ಗಾಡಿಗೆ ಮಜ್ಜಿಗೆ, ಹಳೇ ಗಾಡಿಗೆ ಅಂಬ್ಲಿ,” ಅಂದಳು ಅಜ್ಜಿ. “ಇಷ್ಟು ಹೇಳಾಕೆ ಇವ್ನಿಗೆ ಇಂಗ್ಲಿಷ್ ಬೇಕು.”

ಕಾವ್ಯ ನಕ್ಕಳು. ರೂಪಶ್ರೀಗೂ ನಗು ಬಂತು. ಆದರೆ ಕಾವ್ಯ ಮೊದಲೇ ನಕ್ಕುಬಿಟ್ಟಿದ್ದರಿಂದ ಅವಳು ನಗಲಿಲ್ಲ.

ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಆದರೂ ಗ್ಯಾರೇಜಿನ ಆಯಿಲ್ಲೆಲ್ಲ ಅವಳ ಸುಪರ್ದಿನಲ್ಲೇ ಇತ್ತು. ಅಪ್ಪ ಆಯಿಲ್ ಅಂಗಡಿಯ ದೊಡ್ಡ ಡ್ರಮ್ಮುಗಳಿಂದ ಎರಡು ಥರದ ಆಯಿಲ್ ತುಂಬಿಸಿಕೊಂಡು ಬರುತ್ತಿದ್ದ. ತುಂಬಿಸುವುದಕ್ಕೆ ಒಂದೇ ಥರದ ಎರಡು ನೀಲಿ ಬಕೆಟ್ಟು. ಎರಡಕ್ಕೂ ಮುಚ್ಚಳ, ಎರಡಕ್ಕೂ ಕೆಳಗೆ ನಲ್ಲಿ. ಚೀಟಿ ಅಂಟಿಸಿದರೆ ಜಿಡ್ಡಿಗೆ ಎರಡು ದಿನವೂ ನಿಲ್ಲುತ್ತಿರಲಿಲ್ಲ. ಬೆಂಚಿನ ಮೇಲೆ ಯಾವುದು ಎಡಕ್ಕೆ, ಯಾವುದು ಬಲಕ್ಕೆ ಅನ್ನುವ ನಿಯಮವೂ ಇರಲಿಲ್ಲ.

ಅದಕ್ಕೇ ಅಜ್ಜಿ ದಿನಾ ಬೆಳಗ್ಗೆ ಒಂದು ಕೆಲಸ ಮಾಡುತ್ತಿದ್ದಳು. ಗ್ಯಾರೇಜಿನ ಶಿವನ ಪಟಕ್ಕೆ ಪೂಜೆ ಮಾಡಿ, ಒಂದೊಂದೇ ಬಕೆಟ್ಟಿನ ಮುಚ್ಚಳ ತೆಗೆದು, ಆಯಿಲ್‌ಗೆ ಬೆರಳು ಅದ್ದುತ್ತಿದ್ದಳು. ಹೆಬ್ಬೆರಳಿಗೂ ತೋರುಬೆರಳಿಗೂ ಮಧ್ಯೆ ಉಜ್ಜುತ್ತಿದ್ದಳು. ತೆಳ್ಳಗಿನದಾದರೆ ಆ ಬಕೆಟ್‌ಗೆ ವಿಭೂತಿಯ ಮೂರು ಪಟ್ಟೆ. ಮಂದವಾದರೆ ಕುಂಕುಮದ ಒಂದು ಬೊಟ್ಟು. ಆಮೇಲೆ ಇಡೀ ದಿನ ಅಪ್ಪನಿಗೆ ಪುಸ್ತಕ ನೋಡಿ, “ಪಟ್ಟೇದು ಮೂರು ಲೀಟ್ರು,” “ಬೊಟ್ಟಿಂದು ಐದು ಲೀಟ್ರು,” ಅಂದರೆ ಸಾಕು. ಹದಿನಾಲ್ಕು ವರ್ಷದಿಂದ ಹೀಗೇ ನಡೆದಿತ್ತು.

ಗುರುವಾರ ಬೆಳಗ್ಗೆ ಅಜ್ಜಿ ಪೂಜೆ ಮುಗಿಸಿ, ಪಟ್ಟೆ ಬೊಟ್ಟು ಹಚ್ಚಿ, ಎಲೆ ಅಡಿಕೆ ತರಲು ಎದುರಿನ ಅಂಗಡಿಗೆ ಹೋದಳು. ಅಪ್ಪ ಸ್ಪೇರ್ಸ್ ಅಂಗಡಿಗೆ ಹೋಗಿದ್ದ. ಕಾವ್ಯ ಕೊಡ ತಗೊಂಡು ಬೀದಿ ನಲ್ಲಿಗೆ ಹೋದಳು. ಹೋಗುವಾಗ ಕೇಳಿದಳು, “ಬರ್ತೀಯೇನೇ ರೂಪ?”

“ನೀನೇ ಹೋಗು. ಎಲ್ಲಾ ಕೆಲ್ಸ ನಿಂದೇ ಅಲ್ವಾ?”

ಕಾವ್ಯ ಕೊಡ ಸೊಂಟಕ್ಕೆ ಏರಿಸಿಕೊಂಡು ಹೋದಳು.

ರೂಪಶ್ರೀ ಎದ್ದಳು. ಅವಳು ಯೋಚನೆ ಮಾಡಿ ಎದ್ದಿರಲಿಲ್ಲ. ಒರೆಸುವ ಬಟ್ಟೆ ತಗೊಂಡು ಒಂದು ಬಕೆಟ್ಟಿನ ಪಟ್ಟೆ ಒರೆಸಿದಳು, ಇನ್ನೊಂದರ ಬೊಟ್ಟು ಒರೆಸಿದಳು. ಪಟದ ಮುಂದಿದ್ದ ವಿಭೂತಿ ಗಟ್ಟಿಗೆ ಮೂರು ಬೆರಳು ಒದ್ದೆ ಮಾಡಿ ಉಜ್ಜಿ, ಬೊಟ್ಟು ಇದ್ದ ಬಕೆಟ್‌ಗೆ ಪಟ್ಟೆ ಎಳೆದಳು. ಪಟ್ಟೆ ಇದ್ದದ್ದಕ್ಕೆ ಬೊಟ್ಟು ಇಟ್ಟಳು. ಕೈ ತೊಳೆದುಕೊಂಡು ಟೈರಿನ ಮೇಲೆ ಕೂತ ಮೇಲೆ ಯೋಚನೆ ಬಂತು.

ಯೋಚನೆಯಲ್ಲಿ ಎಲ್ಲ ಸುಲಭವಾಗಿತ್ತು. ಕಾವ್ಯ ಜಗ್ಗು ತುಂಬಿ ಕೊಡುತ್ತಾಳೆ. ಅಪ್ಪ ನೋಡಿದ ಕೂಡಲೇ, “ಏನಿದು, ಯಾವುದ್ರಿಂದ ತಂದೆ, ಕಣ್ಣು ಕಾಣಲ್ವಾ,” ಅನ್ನುತ್ತಾನೆ. ಕಾವ್ಯಳ ಮುಖ ಸಣ್ಣಗಾಗುತ್ತದೆ. ಆಯಿಲ್ ವಾಪಸ್ ಬಕೆಟ್‌ಗೆ ಹೋಗುತ್ತದೆ. ಅಷ್ಟೇ.

ಹತ್ತು ಗಂಟೆಗೆ ಕುಣಿಗಲ್‌ನ ಗಂಗಣ್ಣ ಬಂದ. ಅವನ ಹತ್ತಿರ ಬಾಡಿಗೆಗೆ ಓಡುವ ಮೂರು ಕಾರು ಇದ್ದವು. ಮೂರೂ ಬಿಳಿ, ಮೂರೂ ಹೊಸವು, ಮೂರಕ್ಕೂ ಸರ್ವಿಸ್ ಇಲ್ಲೇ.

“ಬೇಗ ಮಾಡ್ಕೊಡು ಚನ್ನೇಶ. ಹನ್ನೆರಡೂವರೆಗೆ ಊರಲ್ಲಿ ಬಾಡಿಗೆ ಐತೆ. ಲೇಟಾದ್ರೆ ಪಾರ್ಟಿಯವ್ರು ನನ್ನ ಚರ್ಮ ಸುಲೀತಾರೆ.”

“ಚರ್ಮ ಸುಲಿದ್ರೂ ಒಳ್ಗೆ ಅಷ್ಟೇ ದಪ್ಪ ಇರ್ತೀಯ ಬುಡಣ್ಣ,” ಅಂದ ಅಪ್ಪ.

ಗಂಗಣ್ಣ ನಗುತ್ತಾ ಸ್ಟೂಲಿನ ಮೇಲೆ ಕೂತ. ಅಪ್ಪ ಗುಂಡಿಗೆ ಇಳಿದು ಹಳೇ ಆಯಿಲ್ ಇಳಿಸಿದ, ಫಿಲ್ಟರ್ ಬದಲಾಯಿಸಿದ, ಬೋಲ್ಟ್ ಬಿಗಿ ಮಾಡಿ ಮೇಲೆ ಬಂದ.

“ಕಾವ್ಯ, ಪಟ್ಟೇದು ಮೂರೂವರೆ.”

ಕಾವ್ಯ ಪಟ್ಟೆ ಇದ್ದ ಬಕೆಟ್ಟಿನ ನಲ್ಲಿ ತಿರುಗಿಸಿದಳು. ರೂಪಶ್ರೀ ಟೈರಿನ ಅಂಚು ಬಿಗಿಯಾಗಿ ಹಿಡಿದುಕೊಂಡಳು.

“ಮಾವ, ಇವತ್ತು ನಿಧಾನಕ್ಕೆ ಬೀಳ್ತಾ ಇದೆ,” ಅಂದಳು ಕಾವ್ಯ.

“ಬೆಳ್ಗೆ ತಣ್ಣಗಿತ್ತಲ್ಲ, ಅದಕ್ಕೆ. ಬೇಗ ತಾ.”

ಅಪ್ಪ ಜಗ್ಗು ಇಸಿದುಕೊಂಡ. ಅವನು ಜಗ್ಗಿನ ಕಡೆ ನೋಡಲೇ ಇಲ್ಲ. ಗಂಗಣ್ಣ ಕುಣಿಗಲ್ ರಸ್ತೆಯಲ್ಲಿ ಹಾಕಿದ ಹೊಸ ಹಂಪ್‌ಗಳ ವಿಷಯ ಹೇಳುತ್ತಿದ್ದ. ಅಪ್ಪ ಅದಕ್ಕೆ ಹೂಂಗುಟ್ಟುತ್ತಾ ಸುರಿದ. ಒಂದು ಲೀಟರ್ ಹೋಯಿತು.

“ಅಪ್ಪ,” ಅಂದಳು ರೂಪಶ್ರೀ.

“ಏನು?”

ಅಪ್ಪ ನೋಡಿದ. ಗಂಗಣ್ಣ ನೋಡಿದ. ಎರಡನೇ ಜಗ್ಗು ಹಿಡಿದುಕೊಂಡು ಕಾವ್ಯಳೂ ನೋಡಿದಳು.

“ಏನಿಲ್ಲ.”

“ಏನಿಲ್ಲ ಅಂದ್ರೆ ಸುಮ್ನೆ ಕೂತ್ಕೋ.”

ಎರಡು, ಮೂರು, ಮೂರೂವರೆ. ಅಪ್ಪ ಮುಚ್ಚಳ ತಿರುಗಿಸಿದ. ಕಾರು ರಿವರ್ಸ್ ಹೋಗಿ, ಹಾರನ್ ಹೊಡೆದು, ಶಿರಾ ಗೇಟ್ ಕಡೆಗೆ ತಿರುಗಿತು. ಕಾವ್ಯಳಿಗೆ ಯಾರೂ ಬೈಯಲಿಲ್ಲ. ಗಂಗಣ್ಣ ಹೋಗುವಾಗ ಅವಳಿಗೆ ಒಂದು ಚಾಕೊಲೇಟ್ ಕೊಟ್ಟಿದ್ದ. ಅವಳು ಅದನ್ನು ಅರ್ಧ ಮುರಿದು ತಂದಳು.

“ನಂಗೆ ಬೇಡ,” ಅಂದಳು ರೂಪಶ್ರೀ.

ಆ ದಿನ ಮತ್ತೆ ಬಂದದ್ದು ಬ್ರೇಕ್ ಕೆಲಸದ ಒಂದು ಗಾಡಿ ಮಾತ್ರ. ಸಂಜೆಯೊಳಗೆ ಪಟ್ಟೆ ಬೊಟ್ಟು ಮತ್ತೆ ಮೊದಲಿನ ಹಾಗೆ ಮಾಡಿಬಿಡಬೇಕು ಅಂತ ರೂಪಶ್ರೀ ಕಾದಳು. ಅಜ್ಜಿ ಬೆಂಚಿನ ಪಕ್ಕದಿಂದ ಏಳಲೇ ಇಲ್ಲ.

ಶುಕ್ರವಾರ ಬೆಳಗ್ಗೆ ಅಜ್ಜಿ ಎಂದಿನಂತೆ ಪೂಜೆ ಮಾಡಿದಳು. ಪಟ್ಟೆ ಇದ್ದ ಬಕೆಟ್ಟಿನ ಮುಚ್ಚಳ ತೆಗೆದು ಬೆರಳು ಅದ್ದಿ ಉಜ್ಜಿದಳು. ಉಜ್ಜುತ್ತಿದ್ದವಳು ನಿಂತಳು. ಬೆರಳು ಒರೆಸಿಕೊಂಡು ಇನ್ನೊಂದು ಬಕೆಟ್‌ಗೆ ಅದ್ದಿದಳು. ಮತ್ತೆ ಮೊದಲನೆಯದಕ್ಕೆ.

“ಚನ್ನೇಶ, ಇಲ್ಲಿ ಬಾ.”

ಅವಳ ದನಿ ಕೇಳಿಯೇ ಅಪ್ಪ ಕೈಯಲ್ಲಿದ್ದ ಸ್ಪ್ಯಾನರ್ ಇಟ್ಟು ಬಂದ.

“ನಿನ್ನೆ ನಾನು ಮಂದದ ಬಕೆಟ್‌ಗೆ ಪಟ್ಟೆ ಹಚ್ಚಿದೀನಿ ಕಣೋ.”

ಅಪ್ಪ ತಾನೂ ಬೆರಳು ಅದ್ದಿ ನೋಡಿದ. ಎರಡರಲ್ಲೂ ನೋಡಿದ. “ಗಂಗಣ್ಣನ ಗಾಡಿ,” ಅಂದ. ಅಷ್ಟು ಹೇಳಿ ಫೋನ್ ತೆಗೆದುಕೊಂಡು ಹೊರಗೆ ಹೋದ.

ಒಳಗೆ ಬರುವಾಗ ಅವನ ಮುಖ ಬಿಗಿದಿತ್ತು. “ಬೆಳ್ಗೆ ಸ್ಟಾರ್ಟ್ ಮಾಡ್ದಾಗ ಇಂಜಿನ್ ಟಕಟಕ ಅಂತಂತೆ. ಎಳಿತಾನೇ ಇಲ್ವಂತೆ. ಓಡಿಸ್ಬೇಡ, ನಿಧಾನಕ್ಕೆ ತಗೊಂಡು ಬಾ ಅಂದೆ. ಮಧ್ಯಾಹ್ನ ಬರ್ತಾನೆ.”

“ಇಂಜಿನ್ ಹೋಯ್ತಾ ಮಾವ?” ಅಂದಳು ಕಾವ್ಯ.

“ಒಂದು ದಿನಕ್ಕೆ ಹೋಗಲ್ಲ. ತಿಂಗ್ಳುಗಟ್ಲೆ ಓಡಿದ್ರೆ ಒಳ್ಗೊಳ್ಗೇ ಸವೀತಿತ್ತು.” ಆಮೇಲೆ ಅವನು ಅಜ್ಜಿಯ ಕಡೆ ತಿರುಗಿದ. “ಇಷ್ಟು ವರ್ಷದಲ್ಲಿ ಒಂದ್ಸಲನೂ ಹಿಂಗಾಗಿರ್ಲಿಲ್ವಲ್ಲ ಅವ್ವ.”

“ವಯಸ್ಸಾಯ್ತು ಕಣೋ. ಬೆರಳಿಗೆ ಮರೆವು ಬಂತು.”

ಅಪ್ಪ ಒರೆಸುವ ಬಟ್ಟೆ ತಗೊಂಡು ಎರಡು ಬಕೆಟ್ಟಿನ ಗುರುತನ್ನೂ ಒರೆಸಿಹಾಕಿದ. “ನಾಳೆಯಿಂದ ನೀನು ಮನೇಲೇ ಇರು. ಬಿಸ್ಲಲ್ಲಿ ಇಲ್ಲಿ ಕೂರೋದು ಯಾಕೆ. ನಾನೇ ಬೇರೆ ಬಣ್ಣದ ಬಕೆಟ್ ತರ್ತೀನಿ.”

ಅಜ್ಜಿ ಎದುರುತ್ತರ ಕೊಡಲಿಲ್ಲ. ಅಪ್ಪ ಒಂದು ಮಾತಾಡಿದರೆ ಎರಡು ಮಾತಾಡುವ ಅಜ್ಜಿ. ವಿಭೂತಿ ಗಟ್ಟಿಯನ್ನು ಪಟದ ಮುಂದೆ ಇಟ್ಟು, “ಈಗ್ಲೇ ಹೋಗ್ತೀನಿ,” ಅಂತ ಸೆರಗು ಕೊಡವಿಕೊಂಡು ಎದ್ದಳು. ಅಪ್ಪ ಮಕ್ಕಳಿಬ್ಬರನ್ನೂ ಅವಳ ಜೊತೆಗೇ ಕಳಿಸಿದ.

ಮನೆ ಎರಡು ಬೀದಿ ಆಚೆ. ಅಜ್ಜಿ ಮುಂದೆ ನಡೆದಳು. ಎದುರು ಬಂದ ತರಕಾರಿಯವಳು, “ಏನ್ ಕಲ್ಲಮ್ಮ, ಇಷ್ಟು ಬೇಗ?” ಅಂದಳು. ಅಜ್ಜಿ ಸೆರಗು ಹೊದ್ದುಕೊಂಡು ಅವಳನ್ನು ದಾಟಿ ಹೋದಳು.

ಹಿಂದೆ ಕಾವ್ಯ ಕಣ್ಣು ಒರೆಸಿಕೊಳ್ಳುತ್ತಾ ಬರುತ್ತಿದ್ದಳು. “ನಂಗೆ ಗೊತ್ತಾಗ್ಬೇಕಿತ್ತು ಕಣೇ. ಹಾಲಿಗೆ ನೀರು ಹಾಕಿದ್ರೆ ಬೀಳೋದ್ರಲ್ಲೇ ಗೊತ್ತಾಗುತ್ತೆ ನಂಗೆ. ನಿಧಾನಕ್ಕೆ ಬೀಳ್ತಿದೆ ಅಂತ ಇನ್ನೊಂದ್ಸಲ ಹೇಳ್ಬೇಕಿತ್ತು. ಪಾಪ ಅಜ್ಜಿ.”

ಬೈಸಿಕೊಳ್ಳಬೇಕಾದವಳು ಕಾವ್ಯ. ರೂಪಶ್ರೀ ಅಂದುಕೊಂಡದ್ದು ಹಾಗೆ. ಕಾವ್ಯ ಮಾತ್ರ ಹೇಳಿದ ಬಕೆಟ್‌ನಿಂದಲೇ ಹೇಳಿದಷ್ಟೇ ತಂದುಕೊಟ್ಟಿದ್ದಳು. ಪಟ್ಟೆ ತಪ್ಪಾದರೆ ತಪ್ಪು ಪಟ್ಟೆ ಹಚ್ಚಿದವರದು. ದಿನಾ ಪಟ್ಟೆ ಹಚ್ಚುವವಳು ಅಜ್ಜಿ. ಇಷ್ಟು ಸರಳವಾದದ್ದು ಟೈರಿನ ಮೇಲೆ ಕೂತಾಗ ರೂಪಶ್ರೀಗೆ ಹೊಳೆದಿರಲಿಲ್ಲ.

ಆದರೂ ಅವಳು ಏನೂ ಹೇಳಲಿಲ್ಲ. ಅಜ್ಜಿ ಮನೆಯಲ್ಲಿದ್ದರೆ ಏನಂತೆ, ಟೀವಿ ನೋಡಬಹುದು, ಮಲಗಬಹುದು, ಎಲ್ಲರ ಮನೆಯ ಅಜ್ಜಿಯರೂ ಮನೆಯಲ್ಲೇ ಇರುತ್ತಾರೆ ಅಂದುಕೊಂಡಳು. ಮತ್ತೆ ಮತ್ತೆ ಅಂದುಕೊಂಡಳು.

ಮಧ್ಯಾಹ್ನದ ಹೊತ್ತಿಗೆ ನೀರು ಕುಡಿಯಲು ಅಡುಗೆಮನೆಗೆ ಹೋದಳು. ಬಾಗಿಲಲ್ಲೇ ನಿಂತಳು.

ಅಜ್ಜಿ ನೆಲದ ಮೇಲೆ ಕೂತಿದ್ದಳು. ಮುಂದೆ ಮೂರು ಸಣ್ಣ ಬಟ್ಟಲು. ಒಂದರಲ್ಲಿ ಕಡಲೆಕಾಯಿ ಎಣ್ಣೆ, ಒಂದರಲ್ಲಿ ಕೊಬ್ಬರಿ ಎಣ್ಣೆ, ಒಂದರಲ್ಲಿ ಹರಳೆಣ್ಣೆ. ಅಜ್ಜಿ ಕಣ್ಣು ಮುಚ್ಚಿಕೊಂಡು ಬಟ್ಟಲುಗಳನ್ನು ಅತ್ತಿಂದಿತ್ತ ಸರಿಸಿದಳು. ವಾಸನೆ ಬರಬಾರದು ಅಂತ ಎಡಗೈಯಲ್ಲಿ ಸೆರಗು ತಗೊಂಡು ಮೂಗಿಗೆ ಒತ್ತಿಕೊಂಡಳು. ಬಲಗೈ ಬೆರಳನ್ನು ಒಂದಕ್ಕೆ ಅದ್ದಿ ಉಜ್ಜಿ, “ಹರಳೆಣ್ಣೆ,” ಅಂದಳು. ಕಣ್ಣು ಬಿಟ್ಟು ನೋಡಿದಳು. ಹರಳೆಣ್ಣೆಯೇ. ಬೆರಳು ಒರೆಸಿಕೊಂಡು ಮತ್ತೆ ಕಣ್ಣು ಮುಚ್ಚಿ ಸರಿಸಿದಳು. “ಕೊಬ್ರಿ.” ಕೊಬ್ಬರಿಯೇ. ಮತ್ತೆ ಸರಿಸಿದಳು.

ಒಂದು ಸಲವೂ ತಪ್ಪಲಿಲ್ಲ. ಅಜ್ಜಿಗೆ ನಂಬಿಕೆ ಬರಲಿಲ್ಲ. ಮತ್ತೆ ಕಣ್ಣು ಮುಚ್ಚಿದಳು.

“ನಾನೇ ಅಜ್ಜಿ,” ಅಂದಳು ರೂಪಶ್ರೀ.

ಅಜ್ಜಿ ಕಣ್ಣು ಬಿಟ್ಟಳು. “ಏನು ನೀನೇ?”

“ಪಟ್ಟೆ. ನೀನು ಸರಿಯಾಗೇ ಹಚ್ಚಿದ್ದೆ. ನಾನೇ ಒರೆಸಿ ಆ ಬಕೆಟ್‌ಗೆ ಹಚ್ದೆ. ಬೊಟ್ಟೂ ನಾನೇ ಇಟ್ಟಿದ್ದು.”

“ಯಾಕೆ?”

“ಅಪ್ಪ ಕಾವ್ಯಂಗೆ ಬೈಲಿ ಅಂತ.”

ಅಜ್ಜಿ ಬಟ್ಟಲು ಪಕ್ಕಕ್ಕೆ ಸರಿಸಿದಳು. ಆಮೇಲೆ ತನ್ನ ಎರಡು ಬೆರಳು ನೋಡಿಕೊಂಡಳು. ಉಜ್ಜಿದಳು.

“ಹಂಗಾದ್ರೆ ಬೆರಳು ಸರಿಯಾಗೇ ಐತೆ,” ಅಂದಳು. ರೂಪಶ್ರೀಗೆ ಹೇಳಿದ ಹಾಗಿರಲಿಲ್ಲ. ಬಟ್ಟಲುಗಳನ್ನು ಒಂದೊಂದಾಗಿ ಎತ್ತಿ ಎಣ್ಣೆಯನ್ನು ಆಯಾ ಶೀಶೆಗೆ ಸುರಿದಳು. ಒಂದು ಹನಿಯೂ ಬೀಳಲಿಲ್ಲ.

“ಅಜ್ಜಿ.”

“ನನ್ನ ಮುಂದೆ ಯಾಕೆ ನಿಂತಿದೀಯ? ಹೋಗಿ ನಿಮ್ಮಪ್ಪನ ಮುಂದೆ ನಿಂತ್ಕೋ.”

ರೂಪಶ್ರೀ ತಿರುಗಿದಳು. ಹಿಂದೆ ಕಾವ್ಯ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ದಾರಿ ಬಿಟ್ಟು ಗೋಡೆಗೆ ಒತ್ತಿಕೊಂಡಳು.

ಗ್ಯಾರೇಜಿನಲ್ಲಿ ಗಂಗಣ್ಣನ ಕಾರು ಆಗಲೇ ಗುಂಡಿಯ ಮೇಲೆ ನಿಂತಿತ್ತು. ನಿನ್ನೆ ಹಾಕಿದ ಆಯಿಲ್ ಕೆಳಗೆ ತಟ್ಟೆಗೆ ಇಳಿಯುತ್ತಿತ್ತು. ಇವತ್ತಿನ ಬಾಡಿಗೆ ತಪ್ಪಿದ್ದರೂ ಗಂಗಣ್ಣ ಸ್ಟೂಲಿನ ಮೇಲೆ ಕೂತು ಟೀ ಕುಡಿಯುತ್ತಿದ್ದ.

“ಹೋಗ್ಲಿ ಬುಡು ಚನ್ನೇಶ,” ಅನ್ನುತ್ತಿದ್ದ. “ನೀನೇ ಫೋನ್ ಮಾಡಿ ಹೇಳಿದ್ಯಲ್ಲ, ಅಷ್ಟು ಸಾಕು. ಅವ್ವಂಗೂ ವಯಸ್ಸಾಯ್ತು. ನಮ್ಮವ್ವ ಮೊನ್ನೆ ಸಾರಿಗೆ ಸಕ್ರೆ ಹಾಕಿದ್ಲು. ನಾನು ಕಣ್ಮುಚ್ಕೊಂಡು ಉಂಡೆ.”

ಅಪ್ಪ ನಕ್ಕ. ಬೆಳಗ್ಗಿಂದ ಅವನು ನಕ್ಕದ್ದು ಈಗಲೇ.

ಈಗ ಸುಮ್ಮನಿದ್ದರೆ ಎಲ್ಲ ಮುಗಿದುಹೋಗುತ್ತಿತ್ತು. ಗಂಗಣ್ಣ ಕಾರು ತಗೊಂಡು ಹೋಗುತ್ತಿದ್ದ, ಮತ್ತೆ ಬರುತ್ತಿದ್ದ. ಅಜ್ಜಿ ಒಬ್ಬಳು ಮನೆಯಲ್ಲಿ ಇರುತ್ತಿದ್ದಳು. ರೂಪಶ್ರೀಗೆ ಅದು ಗೊತ್ತಾಯಿತು. ಗಂಗಣ್ಣ ಹೋಗಲಿ, ಆಮೇಲೆ ಹೇಳೋಣ ಅನ್ನಿಸಿತು. ಆಮೇಲೆ ತಾನು ಹೇಳುವುದಿಲ್ಲ ಅನ್ನುವುದೂ ಗೊತ್ತಾಯಿತು.

“ಅಪ್ಪ,” ಅಂದಳು.

“ಏನು?” ಅಂದ ಅಪ್ಪ. ನಿನ್ನೆ ಕೇಳಿದ ಹಾಗೆಯೇ.

ಅವಳು ಹೇಳಿದಳು. ಪೂರ್ತಿ ಹೇಳಿದಳು. ನೆಲ ನೋಡಿಕೊಂಡು ಹೇಳಿದ್ದರಿಂದ ಯಾರ ಮುಖವೂ ಕಾಣಲಿಲ್ಲ. ತಟ್ಟೆಗೆ ಆಯಿಲ್ ಬೀಳುವ ಸದ್ದು ಮಾತ್ರ ಕೇಳುತ್ತಿತ್ತು.

ಮೊದಲು ಮಾತಾಡಿದ್ದು ಗಂಗಣ್ಣ. “ಅಂದ್ರೆ ನನ್ನ ಗಾಡಿ ಆಯಿಲ್ಲು ಮಕ್ಕಳ ಕೈಲಿದೆ ಅನ್ನು.”

“ಹಂಗಲ್ಲ ಗಂಗಣ್ಣ.”

“ಇನ್ನೆಂಗೆ? ವಯಸ್ಸಾದೋರು ಮರೀತಾರೆ, ಅದು ಬೇರೆ. ಇದು ಬೇರೆ. ಆ ಗಾಡೀಲಿ ಜನ ಕೂತ್ಕೋತಾರೆ ಚನ್ನೇಶ. ಇವತ್ತು ಆಯಿಲ್ಲು, ನಾಳೆ ಇನ್ನೇನೋ.” ಅವನು ಕೂಗಾಡಲಿಲ್ಲ. ಟೀ ಲೋಟ ಬೆಂಚಿನ ಮೇಲೆ ಇಟ್ಟ. ಅದರಲ್ಲಿ ಇನ್ನೂ ಅರ್ಧ ಟೀ ಇತ್ತು.

ಅಪ್ಪ ಗುಂಡಿಗೆ ಇಳಿದ. ಬೋಲ್ಟ್‌ಗೆ ಹೊಸ ವಾಷರ್ ಹಾಕಿದ, ಹೊಸ ಫಿಲ್ಟರ್ ಹಾಕಿದ. ತಾನೇ ಬೆರಳು ಅದ್ದಿ ನೋಡಿ, ತಾನೇ ಅಳೆದು, ತಾನೇ ಸುರಿದ. ಗಂಗಣ್ಣ ಪಕ್ಕದಲ್ಲಿ ನಿಂತು ಪ್ರತಿ ಜಗ್ಗನ್ನೂ ನೋಡಿದ. ಹೋಗುವಾಗ, “ಬರ್ತೀನಿ,” ಅನ್ನಲಿಲ್ಲ.

ಕಾರು ಹೋದ ಮೇಲೆ ಅಪ್ಪ ತಟ್ಟೆಯ ಆಯಿಲ್ಲನ್ನು ಹಳೇ ಕ್ಯಾನಿಗೆ ಸುರಿದ. ಒಂದು ದಿನ ಓಡಿದ ಆಯಿಲ್ಲನ್ನು ಬೇರೆ ಗಾಡಿಗೆ ಹಾಕುವ ಹಾಗಿಲ್ಲ. ಗೇಟಿಗೋ ಸರಪಳಿಗೋ ಹಚ್ಚಬಹುದು, ಅಷ್ಟೆ. ರೂಪಶ್ರೀ ನಿಂತೇ ಇದ್ದಳು.

“ಇನ್ಮೇಲೆ ಜಗ್ಗು ಯಾರೂ ಮುಟ್ಬಾರ್ದು,” ಅಂದ ಅಪ್ಪ. “ಇಬ್ರೂ.”

“ಕಾವ್ಯ ಏನೂ ಮಾಡ್ಲಿಲ್ಲ ಅಪ್ಪ.”

“ಗೊತ್ತು.” ಅಪ್ಪ ಕೈ ಒರೆಸಿಕೊಂಡ. “ಮನೆಗೆ ಹೋಗಿ ಅವ್ವಂಗೆ ಬರೋಕೆ ಹೇಳು.”

“ಏನಂತ ಹೇಳ್ಲಿ?”

ಅಪ್ಪ ಬೆಂಚಿನ ಕಡೆ ನೋಡಿದ. ಎರಡು ಬಕೆಟ್ಟೂ ಬೋಳಾಗಿ ನಿಂತಿದ್ದವು.

“ಇವತ್ತು ಇನ್ನೂ ಪಟ್ಟೆ ಹಚ್ಚಿಲ್ಲ ಅಂತ ಹೇಳು.”

ಅಜ್ಜಿ ಊಟವನ್ನೂ ಮುಗಿಸದೆ ಬಂದಳು. ಬೆರಳು ಅದ್ದಿದಳು, ಉಜ್ಜಿದಳು, ಪಟ್ಟೆ ಎಳೆದಳು, ಬೊಟ್ಟು ಇಟ್ಟಳು. ಕೈ ಒರೆಸಿಕೊಂಡು, “ಬೇರೆ ಬಣ್ಣದ ಬಕೆಟ್ ತರ್ತಾನಂತೆ. ದುಡ್ಡು ಎಲ್ಲಿ ಬಿದ್ದಿದೆಯೋ,” ಅಂದಳು. ಅಪ್ಪ ಗುಂಡಿಯೊಳಗಿಂದ, “ಆಯ್ತು ಬುಡವ್ವ,” ಅಂದ.

ಆ ಸಂಜೆ ಕಾವ್ಯ ಅಪ್ಪನ ಫೋನ್ ಕೇಳಿ ಇಸಿದುಕೊಂಡು ಅವಳ ಅಮ್ಮನ ಜೊತೆ ಮಾತಾಡಿದಳು. ಅತ್ತೆ ಬುಧವಾರದವರೆಗೆ ಕಾಯದೆ ಶನಿವಾರವೇ ಬಂದಳು. ಇನ್ನೂ ಇರು ಅಂತ ಅಮ್ಮ ಎಷ್ಟು ಹೇಳಿದರೂ ಕಾವ್ಯ, “ಊರು ನೆನಪಾಗ್ತಿದೆ ಅತ್ತೆ,” ಅಂದಳೇ ಹೊರತು ಬೇರೇನೂ ಹೇಳಲಿಲ್ಲ. ಅಮ್ಮ ಅವತ್ತೂ ಅವಳಿಗೇ ಮೊದಲು ಜಡೆ ಹಾಕಿದಳು. ರೂಪಶ್ರೀ ಪಕ್ಕದಲ್ಲಿ ಕೂತು ರಿಬ್ಬನ್ ಹಿಡಿದುಕೊಂಡಿದ್ದಳು.

ಬಸ್ ಸ್ಟ್ಯಾಂಡಿಗೆ ಅವಳೂ ಹೋದಳು. ಗುಬ್ಬಿ ಬಸ್ಸು ರಷ್ ಇರಲಿಲ್ಲ. ಕಾವ್ಯಳಿಗೆ ಕಿಟಕಿ ಸೀಟು ಸಿಕ್ಕಿತು. ರೂಪಶ್ರೀ ಕೆಳಗೆ ನಿಂತು, “ಸಾರಿ ಕಣೇ,” ಅಂದಳು.

ಕಾವ್ಯ ಕಿಟಕಿಯ ಸರಳು ಹಿಡಿದುಕೊಂಡು ಕೆಳಕ್ಕೆ ಬಗ್ಗಿದಳು. ಸಿಟ್ಟಿನಲ್ಲಿ ಇರಲಿಲ್ಲ.

“ನೀನು ಕೇಳಿದ್ರೆ ನಾನೇ ಜಗ್ಗು ಕೊಡ್ತಿದ್ದೆ,” ಅಂದಳು. “ಇಬ್ರೂ ಸೇರಿ ಮಾಡ್ಬೋದಿತ್ತು. ನಂಗೆ ಅಲ್ಲಿ ಒಬ್ಳಿಗೇ ಬೇಜಾರಾಗ್ತಿತ್ತು.”

ಬಸ್ಸು ಹೊರಟಿತು.

ದಸರಾ ಮುಗಿಯಿತು. ಶಾಲೆ ಶುರುವಾಗುವ ಹಿಂದಿನ ದಿನದವರೆಗೂ ರೂಪಶ್ರೀ ಗ್ಯಾರೇಜಿಗೆ ಹೋಗುತ್ತಿದ್ದಳು. ರಸ್ತೆಯಲ್ಲಿ ಬಿಳಿ ಕಾರು ಬಂದಾಗಲೆಲ್ಲ ಅಪ್ಪ ತಲೆ ಎತ್ತಿ ನೋಡುತ್ತಿದ್ದ. ಅವಳೂ ನೋಡುತ್ತಿದ್ದಳು. ಕಾರು ಮುಂದೆ ಹೋಗುತ್ತಿತ್ತು. ಅಪ್ಪ ಆ ಮಾತು ಒಂದು ಸಲವೂ ಎತ್ತಲಿಲ್ಲ. ಯಾರೂ ಎತ್ತದಿದ್ದರಿಂದ, ಏನೇನು ಹೋಯಿತು ಅಂತ ಅವಳೇ ಎಣಿಸಿಕೊಂಡಳು.

ಮೂರೂವರೆ ಲೀಟರ್ ಆಯಿಲ್. ಒಂದು ಫಿಲ್ಟರ್. ಒಂದು ವಾಷರ್. ಗಂಗಣ್ಣನ ಮೂರು ಕಾರು. ಕಾವ್ಯ ಇರಬೇಕಾಗಿದ್ದ ನಾಲ್ಕು ದಿನ.